ಅಂಚಿನ ತಂಡಗಳ ಎಡಗೈ ಮಾಸ್ತರ

ಹೈದರಾಬಾದ್, ಜಮ್ಮು–ಕಾಶ್ಮೀರ, ಒಮಾನ್, ಬಾಂಗ್ಲಾದೇಶ, ಉತ್ತರ ಪ್ರದೇಶ, ಪಂಜಾಬ್ ಕಿಂಗ್ಸ್. ಒಬ್ಬ ಕ್ರಿಕೆಟ್ ಕೋಚ್ ಹೆಚ್ಚುಕಡಿಮೆ ಒಂದೂವರೆ ದಶಕದಲ್ಲಿ ಕೆಲಸ ಮಾಡಿದ ತಂಡಗಳಿವು. ಕಪಾಟು ತುಂಬ ಟ್ರೋಫಿ ಜೋಡಿಸಿಟ್ಟುಕೊಂಡ ತಂಡ ಈ ಸಾಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಕೆಲವು ಆಗಷ್ಟೇ ಕಣ್ಣು ಬಿಡುತ್ತಿದ್ದವು, ಕೆಲವು ಹಳೆಯ ಹೆಸರಿನ ಮೇಲೆ ದಿನ ದೂಡುತ್ತಿದ್ದವು. ಒಂದು ತಂಡವಂತೂ ಪ್ರವಾಹದಲ್ಲಿ ತನ್ನ ಮೈದಾನವನ್ನೇ ಕಳೆದುಕೊಂಡಿತ್ತು. ಈ ಎಲ್ಲ ಕಡೆ ಕೈಯಲ್ಲಿ ಚೆಂಡು ಹಿಡಿದು ನಿಂತವರು ಗದಗಿನ ಸುನಿಲ್ ಜೋಶಿ.

ಹುಟ್ಟಿದ್ದು 1970ರ ಜೂನ್ 6, ಗದಗ. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಗಜೇಂದ್ರಗಡ ರೋಣದಿಂದ ಬೇರ್ಪಟ್ಟು ತಾಲ್ಲೂಕಾದದ್ದು ಅದಕ್ಕಿಂತ ಎಷ್ಟೋ ವರ್ಷ ಆಚೆಗೆ. ಈ ಸೀಮೆಗೆ ಹೆಸರು ತಂದವು ಬೇರೆ ಸಂಗತಿಗಳು. ನರಗುಂದವೆಂದರೆ 1858ರ ಬಾಬಾಸಾಹೇಬ, 1980ರ ರೈತ ಬಂಡಾಯ. ಗಜೇಂದ್ರಗಡವೆಂದರೆ ಕಾಲಕಾಲೇಶ್ವರ, ಮಗ್ಗ, ಈಚೆಗೆ ಗುಡ್ಡದ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರ. ರೋಣವೆಂದರೆ ಗಾಯಕ ಭೀಮಸೇನ ಜೋಶಿ. ಆಟದ ಮಾತು ಬಂದರೆ ಗರಡಿ, ಕಬಡ್ಡಿ, ಖೋ ಖೋ, ವಾಲಿಬಾಲ್. ಕ್ರಿಕೆಟ್ ಊರೂರಲ್ಲಿ ಇದ್ದೇ ಇತ್ತು. ಆದರೆ ಅದು ಟೆನಿಸ್ ಬಾಲಿನದು. ಚರ್ಮದ ಚೆಂಡು, ನೆಟ್, ತಪ್ಪು ತಿದ್ದುವ ಕೋಚ್ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು.

ಸುನಿಲ್ ಜೋಶಿ ಹೋಗುತ್ತಿದ್ದರು. ಅವರ ಬಗ್ಗೆ ಬರೆದವರೆಲ್ಲ ಬಿಡದೆ ಹೇಳುವ ಸಂಗತಿ ಇದೊಂದೇ: ಹುಡುಗ ನಸುಕಿನಲ್ಲೆದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಬಂದಿರುತ್ತಿದ್ದ. ಗದಗ–ಹುಬ್ಬಳ್ಳಿ ಹಳಿ ಆಗ ಮೀಟರ್‌ಗೇಜ್. ಇವತ್ತಿನ ಗಾಡಿಗಳ ಓಟ ನೋಡಿದವರಿಗೆ ಅದರ ನಡಿಗೆ ಅಂದಾಜಿಗೆ ಸಿಗಲಾರದು. ಈಗ ರಣಜಿ ಪಂದ್ಯ ನಡೆಯುವ ರಾಜನಗರದ ಕ್ರೀಡಾಂಗಣವೂ ಹುಬ್ಬಳ್ಳಿಯಲ್ಲಿ ಆಗ ಇರಲಿಲ್ಲ.

ಗುರುವಿಗಾಗಿ ಗಾಡಿ ಹತ್ತುವುದು ಈ ಸೀಮೆಗೆ ಹೊಸದಲ್ಲ, ಜೋಶಿ ಮನೆತನದ ಹೆಸರಿಗಂತೂ ಅಲ್ಲವೇ ಅಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು, ಟಿಕೆಟ್ಟಿಲ್ಲದೆ ಗಾಡಿಯಿಂದ ಗಾಡಿಗೆ ಹಾರಿ ಗ್ವಾಲಿಯರ್, ಜಲಂಧರ್ ಎಂದು ಅಲೆದರು. ಕೊನೆಗೆ ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನೂರಿನ ಬಗಲಿಗೇ ಸವಾಯಿ ಗಂಧರ್ವರಿದ್ದಾರಲ್ಲ, ಅಲ್ಲಿಗೆ ಹೋಗು ಎಂದು ತಿರುಗಿಸಿ ಕಳಿಸಿದರು. ಗುರು ಸಿಕ್ಕಿದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ. ಇಬ್ಬರು ಜೋಶಿಗಳಿಗೆ ರಕ್ತಸಂಬಂಧ ಕಟ್ಟಲು ನಾನು ಹೊರಟಿಲ್ಲ. ಇಬ್ಬರ ದಾರಿಯೂ ಒಂದೇ ಹಳಿಯ ಮೇಲಿತ್ತು ಎಂದಷ್ಟೇ ಹೇಳುತ್ತಿದ್ದೇನೆ. ವಿದ್ಯೆ ಕಲಿಯುವ ಹಸಿವು ಊರಲ್ಲೇ ಹುಟ್ಟುತ್ತಿತ್ತು, ಕಲಿಸುವವರು ಮಾತ್ರ ಗಾಡಿ ಹೋಗಿ ನಿಲ್ಲುವ ಊರಲ್ಲಿದ್ದರು.

ಸ್ಪಿನ್ ಬೌಲಿಂಗ್ ಮಾತಾಡುವಾಗ ಮಣ್ಣಿನ ಮಾತು ಬಿಡಲಾಗದು. ರೋಣ, ನರಗುಂದದ ಎರೆಭೂಮಿಯ ರೈತನಿಗೆ ಹೇಳಿಕೊಡಬೇಕಾದ್ದಲ್ಲ ಇದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೆಲವು ಹೊಲದ ಬಿರುಕಿನಲ್ಲಿ ಕೈ ಇಳಿಯುವಷ್ಟು ಜಾಗವಿರುತ್ತದೆ. ಕ್ರಿಕೆಟ್ ಪಿಚ್ ಮಾಡುವವರಿಗೆ ಇದೇ ಗುಣ ಬೇಕು. ಜೇಡಿಯ ಅಂಶ ಹೆಚ್ಚಿರುವುದರಿಂದ ರೋಲರ್ ಉರುಳಿಸಿದಾಗ ಮಣ್ಣು ಬಿಗಿಯಾಗಿ ಕೂಡುತ್ತದೆ. ಕಪ್ಪು ಮಣ್ಣಿನ ಪಿಚ್ ಮೇಲೆ ಬಿದ್ದ ಚೆಂಡು ನಿಧಾನಕ್ಕೆ, ತಗ್ಗಿನಲ್ಲಿ ಬರುತ್ತದೆ, ದಿನ ಕಳೆದಂತೆ ಹೊರಳುವುದು ಹೆಚ್ಚುತ್ತದೆ. ಕೆಂಪು ಮಣ್ಣಿನದು ಇನ್ನೊಂದು ಸ್ವಭಾವ. ಚೆಂಡು ಪುಟಿದೇಳುತ್ತದೆ, ಮೇಲ್ಪದರ ಬೇಗ ಪುಡಿಯಾಗುತ್ತದೆ, ಒಮ್ಮೆ ತಿರುಗತೊಡಗಿದರೆ ಜೋರಾಗಿಯೇ ತಿರುಗುತ್ತದೆ. ಮುಂಬೈಯ ವಾಂಖೆಡೆ ಕೆಂಪು ಮಣ್ಣಿನದು, ಢಾಕಾದ ಮೀರಪುರ ಕಪ್ಪಿನದು. ಈ ಎರಡೂ ಮೈದಾನಗಳು ಜೋಶಿಯವರ ಕಥೆಯೊಳಗೆ ಬರುತ್ತವೆ.

ಪಿಚ್ಚಿಗೆ ಹೇಳಿ ಮಾಡಿಸಿದ ಮಣ್ಣು ನಮ್ಮಲ್ಲಿದೆ, ಪಿಚ್ ಮಾತ್ರ ಇಲ್ಲ. ಮಳೆ ಬಿದ್ದರೆ ಎರೆಯ ಬಯಲು ವಾರಗಟ್ಟಲೆ ಅಂಟು ಕೆಸರು, ಬಿಸಿಲಿಗೆ ಬಿರುಕು. ಅದನ್ನು ಹದದಲ್ಲಿ ಇಡಲು ದಿನಾ ನೀರು, ರೋಲರ್, ಆಳು ಬೇಕು. ಅದಕ್ಕೇ ಮೊಫಸಲ್ ಮೈದಾನಗಳಲ್ಲಿ ಮ್ಯಾಟು ಹಾಸಿ ಆಡುವುದು ರೂಢಿ. ಮ್ಯಾಟಿನ ಮೇಲೆ ಯಾರು ಎಸೆದರೂ ಚೆಂಡು ಹಿಡಿದುಕೊಂಡು ತಿರುಗುತ್ತದೆ, ಎದ್ದು ಬರುತ್ತದೆ. ಆಡುವ ಹುಡುಗ ತಾನೊಬ್ಬ ದೊಡ್ಡ ಸ್ಪಿನ್ನರ್ ಎಂದುಕೊಳ್ಳುತ್ತಾನೆ. ಟರ್ಫ್ ಪಿಚ್ಚಿಗೆ ಬಂದ ದಿನ ಮೋಸ ತಿಳಿಯುತ್ತದೆ. ಅಲ್ಲಿ ತಿರುವು ಬೆರಳಿನಿಂದಲೇ ಹುಟ್ಟಬೇಕು, ಮೋಸ ಗಾಳಿಯಲ್ಲೇ ಆಗಬೇಕು. ಜಿಲ್ಲೆಯಲ್ಲಿ ಹತ್ತು ಜನರನ್ನು ಉರುಳಿಸುವ ಹುಡುಗ ವಲಯದ ಆಯ್ಕೆಯಲ್ಲಿ ಸಪ್ಪಗೆ ಕಾಣುವುದಕ್ಕೆ ಬಹಳ ಸಲ ಕಾರಣ ಇಷ್ಟೇ.

ಕರ್ನಾಟಕ ತಂಡದಲ್ಲಿ ಎಡಗೈ ಸ್ಪಿನ್ನಿನ ಜಾಗ ಖಾಲಿಯಾದದ್ದು 1992–93ರ ಹೊತ್ತಿಗೆ. ಒಂದು ದಶಕಕ್ಕೂ ಮಿಕ್ಕಿ ಆ ಜಾಗ ಆಳಿದ ರಘುರಾಮ್ ಭಟ್ ಆಟ ಮುಗಿಸುತ್ತಿದ್ದರು. ಅದೇ ಋತುವಿನಲ್ಲಿ ಜೋಶಿ ಬಂದರು. ಬೌಲಿಂಗಿನ ಜತೆ ಎಡಗೈ ಬ್ಯಾಟಿಂಗನ್ನೂ ತಂದರು. 1995–96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಆ ವರ್ಷ ಕರ್ನಾಟಕ ರಣಜಿ ಗೆದ್ದಿತು. 1997–98, 1998–99ರಲ್ಲಿ ಮತ್ತೆರಡು ಸಲ ಗೆದ್ದಿತು. ಕನ್ನಡಿಗರು ಭಾರತ ತಂಡದ ಅರ್ಧ ಜಾಗ ತುಂಬುತ್ತಿದ್ದ ಕಾಲ ಅದು.

1996ರ ಜೂನ್ 6ರಂದು ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಜೋಶಿಗೆ ಟೆಸ್ಟ್ ಕ್ಯಾಪ್ ಸಿಕ್ಕಿತು. ಅಂದು ಅವರ 26ನೇ ಹುಟ್ಟುಹಬ್ಬ. ಅದೇ ಪಂದ್ಯದಲ್ಲಿ ವೆಂಕಟೇಶ್ ಪ್ರಸಾದ್, ವಿಕ್ರಮ್ ರಾಥೋರ್, ಪಾರಸ್ ಮಾಂಬ್ರೆ ಕೂಡ ಮೊದಲ ಟೆಸ್ಟ್ ಆಡಿದರು. ಶ್ರೀನಾಥ್, ಕುಂಬ್ಳೆ, ಪ್ರಸಾದ್, ಜೋಶಿ: ಹನ್ನೊಂದರಲ್ಲಿ ನಾಲ್ವರು ಕರ್ನಾಟಕದವರು. ದ್ರಾವಿಡ್ ಬಂದದ್ದು ಮುಂದಿನ ಪಂದ್ಯಕ್ಕೆ. ಹುಟ್ಟುಹಬ್ಬದ ಉಡುಗೊರೆ ಅಲ್ಲಿಗೇ ಮುಗಿಯಿತು. ಭಾರತ 8 ವಿಕೆಟ್‌ಗಳಿಂದ ಸೋತಿತು, ಜೋಶಿಗೆ ಒಂದು ವಿಕೆಟ್ಟೂ ಸಿಗಲಿಲ್ಲ.

ಭಾರತ ತಂಡದೊಂದಿಗಿನ ಅವರ ನಂಟು ಕೊನೆಯವರೆಗೂ ಹೀಗೇ. ಒಳಗೆ, ಹೊರಗೆ, ಮತ್ತೆ ಒಳಗೆ. ಒಟ್ಟು ಆಡಿದ್ದು 15 ಟೆಸ್ಟ್, 69 ಏಕದಿನ ಪಂದ್ಯ. ಕುಂಬ್ಳೆ ಮೊದಲ ಸ್ಪಿನ್ನರ್ ಎಂಬುದು ಆ ಕಾಲದಲ್ಲಿ ಚರ್ಚೆಯೇ ಬೇಡದ ಮಾತು. ಉಳಿದ ಒಂದು ಜಾಗಕ್ಕೆ ವೆಂಕಟಪತಿ ರಾಜು, ನೀಲೇಶ್ ಕುಲಕರ್ಣಿ, ಮುರಳಿ ಕಾರ್ತಿಕ್, ಹರಭಜನ್ ಎಲ್ಲರೂ ಕಾದಿದ್ದರು. 1999ರ ಜನವರಿಯ ಚೆನ್ನೈ ಟೆಸ್ಟ್ ನೆನಪಿರುವವರಿಗೆ ಸಚಿನ್ ಬೆನ್ನುನೋವಿನಲ್ಲಿ ಹೊಡೆದ 136 ನೆನಪಿರುತ್ತದೆ. ಪಾಕಿಸ್ತಾನದ ಎದುರು 271 ಬೇಕಿತ್ತು, ಸಚಿನ್ ಔಟಾದಾಗ ಸ್ಕೋರು 254. ಅವರೂ ಸೇರಿ ಕೊನೆಯ ನಾಲ್ಕು ವಿಕೆಟ್ ನಾಲ್ಕೇ ರನ್ನಿಗೆ ಉರುಳಿದವು. 12 ರನ್ನಿನ ಸೋಲು. ಆ ನಾಲ್ವರಲ್ಲಿ ಜೋಶಿಯೂ ಒಬ್ಬರು. ಮುಂದಿನ ಟೆಸ್ಟ್ ದೆಹಲಿಯಲ್ಲಿ, ಕುಂಬ್ಳೆ ಹತ್ತಕ್ಕೆ ಹತ್ತು ವಿಕೆಟ್ ಕಿತ್ತದ್ದು ಅಲ್ಲೇ. ಆ ಹನ್ನೊಂದರಲ್ಲಿ ಜೋಶಿ ಇರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 26ಕ್ಕೆ ಬರೋಣ. ನೈರೋಬಿಯ ಜಿಮ್ಖಾನಾ ಮೈದಾನ, ಎಲ್‌ಜಿ ಕಪ್, ಎದುರಾಳಿ ದಕ್ಷಿಣ ಆಫ್ರಿಕ. ಜೋಶಿ ಎಸೆದ ಹತ್ತು ಓವರಿನ ಲೆಕ್ಕ ಹೀಗಿದೆ: 6 ಮೇಡನ್, 6 ರನ್, 5 ವಿಕೆಟ್. ಬಿಡಿಸಿ ನೋಡಿದರೆ ಅರವತ್ತು ಎಸೆತಗಳಲ್ಲಿ ಮೂವತ್ತಾರಕ್ಕೆ ಏನೂ ಇಲ್ಲ, ಉಳಿದ ನಾಲ್ಕು ಓವರಿನಿಂದ ಬಂದದ್ದು ಆರೇ ರನ್. ಬಲಿಯಾದವರು ದಿಪ್ಪೆನಾರ್, ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕ್. ಐವರೂ ಬಲಗೈ ಬ್ಯಾಟ್ಸ್‌ಮನ್‌ಗಳು, ಹೆಚ್ಚಿನವರು ದೊಡ್ಡ ಹೆಸರು. ದಕ್ಷಿಣ ಆಫ್ರಿಕ 117ಕ್ಕೆ ಮಡಚಿತು, ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಆ ಟೂರ್ನಿಯ ಸರಣಿಶ್ರೇಷ್ಠ ಪ್ರಶಸ್ತಿ ಅಲ್ಲೇ ಮೊದಲ ಪಂದ್ಯ ಆಡಿದ ವಿಜಯ್ ಭಾರದ್ವಾಜ್‌ಗೆ ಹೋಯಿತು, ಅವರೂ ಕನ್ನಡಿಗರೇ.

ಈ ಸ್ಪೆಲ್‌ನಲ್ಲಿ ಮಾಯಮಂತ್ರ ಏನೂ ಇರಲಿಲ್ಲ, ಅದಕ್ಕೇ ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಡಗೈ ಸ್ಪಿನ್ನರನ ಕೈಯಲ್ಲಿ ತೋರುಬೆರಳು, ನಡುಬೆರಳು ಚೆಂಡಿನ ಹೊಲಿಗೆಯ ಮೇಲೆ ಅಗಲವಾಗಿ ಕೂತಿರುತ್ತವೆ. ಬಿಡುವ ಗಳಿಗೆಯಲ್ಲಿ ತೋರುಬೆರಳು ಹೊಲಿಗೆಯನ್ನು ಎಳೆದು ಹೊರಳಿಸುತ್ತದೆ. ವರ್ಷಗಟ್ಟಲೆ ಎಸೆದವರ ಆ ಬೆರಳಿನ ಬಗಲಲ್ಲಿ ಜಡ್ಡುಗಟ್ಟಿರುತ್ತದೆ. ಚೆಂಡು ಗಾಳಿಯಲ್ಲಿ ಮೊದಲು ಬಲಗೈ ಆಟಗಾರನ ಕಾಲಿನತ್ತ ಸರಿಯುತ್ತದೆ, ನೆಲ ಮುಟ್ಟಿದ ಮೇಲೆ ಅವನಿಂದ ದೂರ ಹೊರಳುತ್ತದೆ. ಒಳಗೆ ಬರುತ್ತಿದೆ ಎಂದು ಕಾಲು ಮುಂದಿಟ್ಟವನ ಬ್ಯಾಟಿನ ಅಂಚನ್ನು ಅದು ಹೊರಗೆ ಹೋಗುತ್ತಾ ಸವರುತ್ತದೆ. ಹೊರಗೆ ಹೋಗುತ್ತದೆ ಎಂದು ಕಾದರೆ ಅದೇ ಕೈ, ಅದೇ ಓಟ, ಆದರೆ ಬೆರಳು ಎಳೆಯದೆ ಬಿಟ್ಟ ಚೆಂಡು ನೇರ ಒಳಗೆ ನುಗ್ಗಿ ಪ್ಯಾಡಿಗೋ ಸ್ಟಂಪಿಗೋ ಬೀಳುತ್ತದೆ. ಇದಕ್ಕೆ ಆರ್ಮ್ ಬಾಲ್ ಎನ್ನುತ್ತಾರೆ. ಎರಡರ ನಡುವೆ ಯಾವುದು ಯಾವುದೆಂದು ಬ್ಯಾಟ್ಸ್‌ಮನ್ ಲೆಕ್ಕ ಹಾಕುತ್ತಿರುವಾಗ ಓವರ್ ಮುಗಿದಿರುತ್ತದೆ. ಆರು ಮೇಡನ್ ಬಂದದ್ದು ಆ ಗೊಂದಲದಿಂದ, ಐದು ವಿಕೆಟ್ ಬಂದದ್ದು ಆರು ಮೇಡನ್‌ನ ಒತ್ತಡದಿಂದ. ಹೀಗೆ ಎಸೆಯಲು ಬೆರಳಿನಷ್ಟೇ ಕಾಲೂ ಮುಖ್ಯ. ಎಡಗೈಯವನ ಬಲಗಾಲು ಕ್ರೀಸಿನಲ್ಲಿ ಗಟ್ಟಿಯಾಗಿ ಊರಿ, ಇಡೀ ಮೈ ಅದರ ಮೇಲೆ ತಿರುಗಬೇಕು. ಆ ಕಾಲು ಅಡ್ಡ ಬಿದ್ದರೆ ಸೊಂಟ ತಿರುಗದು. ಸೊಂಟ ತಿರುಗದಿದ್ದರೆ ಎಲ್ಲ ಭಾರವೂ ಬೆರಳಿನ ಮೇಲೆ, ಭುಜದ ಮೇಲೆ ಬೀಳುತ್ತದೆ.

ಟೆಸ್ಟ್ ಜೀವನದ ದೊಡ್ಡ ದಿನ ಬಂದದ್ದು 2000ದ ನವೆಂಬರಿನಲ್ಲಿ, ಢಾಕಾದಲ್ಲಿ. ಬಾಂಗ್ಲಾದೇಶಕ್ಕೆ ಅದು ಮೊಟ್ಟಮೊದಲ ಟೆಸ್ಟ್, ಸೌರವ್ ಗಂಗೂಲಿಗೆ ನಾಯಕನಾಗಿ ಮೊದಲ ಟೆಸ್ಟ್. ಅಮೀನುಲ್ ಇಸ್ಲಾಂ 145 ಹೊಡೆದು ಬಾಂಗ್ಲಾದೇಶ ಭರ್ತಿ 400 ಮಾಡಿತು. ಜೋಶಿ 142ಕ್ಕೆ 5 ವಿಕೆಟ್ ತೆಗೆದರು. ಭಾರತದ ಬ್ಯಾಟಿಂಗ್ ತಡವರಿಸುತ್ತಿದ್ದಾಗ ಗಂಗೂಲಿ ಜತೆ ನಿಂತು 92 ಹೊಡೆದರು, ಶತಕಕ್ಕೆ ಎಂಟು ಕಡಿಮೆ. ಎರಡನೇ ಸರದಿಯಲ್ಲಿ ಬಾಂಗ್ಲಾದೇಶ 91ಕ್ಕೆ ಕುಸಿಯಿತು. ಅದರಲ್ಲಿ ಜೋಶಿಯವು 27ಕ್ಕೆ 3. ಪಂದ್ಯಶ್ರೇಷ್ಠ ಅವರೇ. ಅದೇ ತಿಂಗಳು ಜಿಂಬಾಬ್ವೆ ವಿರುದ್ಧ ನಾಗಪುರದಲ್ಲಿ ಆಡಿದ್ದು ಅವರ ಕೊನೆಯ ಟೆಸ್ಟ್. 2001ರ ಮಾರ್ಚಿನಲ್ಲಿ ಹರಭಜನ್ ಆಸ್ಟ್ರೇಲಿಯವನ್ನು ಮಟ್ಟ ಹಾಕಿದ ಮೇಲೆ ಎರಡನೇ ಸ್ಪಿನ್ನರನ ಪ್ರಶ್ನೆಯೇ ಉಳಿಯಲಿಲ್ಲ. ಪಂದ್ಯಶ್ರೇಷ್ಠನಾದ ತಿಂಗಳಲ್ಲೇ ಟೆಸ್ಟ್ ಬಾಗಿಲು ಮುಚ್ಚಿದ್ದು ಇನ್ನೆಷ್ಟು ಜನಕ್ಕೆ ಆಗಿದೆಯೋ.

ಆಗ ಅವರಿಗೆ ಮೂವತ್ತು ವರ್ಷ. ಇನ್ನೂ ಹತ್ತು ಋತು ಅವರು ರಣಜಿ ಆಡಿದರು. ಪತ್ರಿಕೆಗಳು ಈ ಹತ್ತು ವರ್ಷವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನ್ನ ಮಟ್ಟಿಗೆ ಕೋಚ್ ಜೋಶಿ ತಯಾರಾದದ್ದು ಇಲ್ಲೇ. ಪ್ರಥಮ ದರ್ಜೆಯಲ್ಲಿ 160 ಪಂದ್ಯ, 615 ವಿಕೆಟ್, 5,129 ರನ್. ಇಷ್ಟು ದೊಡ್ಡ ಗಂಟನ್ನು ಭಾರತ ತಂಡದ ಕರೆ ನೆಚ್ಚಿಕೊಂಡು ಯಾರೂ ಕಟ್ಟಲಾರರು. ನಡುವೆ 2008, 2009ರಲ್ಲಿ ರಾಯಲ್ ಚಾಲೆಂಜರ್ಸ್ ಪರವಾಗಿ ನಾಲ್ಕು ಐಪಿಎಲ್ ಪಂದ್ಯವನ್ನೂ ಆಡಿದರು. ಚಳಿಯಲ್ಲಿ ದೆಹಲಿ, ಧೂಳಿನಲ್ಲಿ ರಾಜಕೋಟ್, ನೋಡಲು ಜನವೇ ಇಲ್ಲದ ನಾಲ್ಕನೇ ದಿನ. ದೇಶದ ಪಿಚ್ಚುಗಳ ನಡತೆಯನ್ನು, ತಂಡಕ್ಕೆ ಬಂದು ಹೋಗುವ ಹುಡುಗರ ಗಾಬರಿಯನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ದೊಡ್ಡ ತಾರೆಯರಿಗೆ ಸಿಗುವುದಿಲ್ಲ. ತಾರೆ ಹಾಗೇ ಆಡಿಬಿಡುತ್ತಾನೆ, ಹೇಗೆಂದು ಕೇಳಿದರೆ ಬಿಡಿಸಿ ಹೇಳಲು ತಿಣುಕುತ್ತಾನೆ. ಬೆವರು ಸುರಿಸಿ ಜಾಗ ಹಿಡಿದವನಿಗೆ ತಾನು ಕಲಿತ ಒಂದೊಂದು ಮೆಟ್ಟಿಲೂ ನೆನಪಿರುತ್ತದೆ.

ಕ್ರಿಕೆಟ್ ಕೋಚ್ ಎಂಬ ಹುದ್ದೆಯೇ ಸ್ವಲ್ಪ ವಿಚಿತ್ರ. ಬ್ಯಾಸ್ಕೆಟ್‌ಬಾಲ್ ನೋಡಿ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣ, ಪಕ್ಕದಲ್ಲೇ ಕೋಚ್. ಮೊದಲಾರ್ಧದಲ್ಲಿ ಎರಡು, ಎರಡನೇ ಅರ್ಧದಲ್ಲಿ ಮೂರು ಸಲ ಟೈಮ್‌ಔಟ್ ಕೇಳಿ ಆಟ ನಿಲ್ಲಿಸಬಹುದು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಗೆರೆಯ ಪಕ್ಕ ನಿಂತು ಗಂಟಲು ಹರಿಯುವಷ್ಟು ಕೂಗಬಹುದು. ಅಲ್ಲಿ ಅರ್ಧ ಆಟ ಕೋಚ್‌ನದೇ. ಕ್ರಿಕೆಟ್‌ನಲ್ಲಿ ಆಟ ಶುರುವಾದ ಮೇಲೆ ಎಲ್ಲ ನಾಯಕನದು. ಕೋಚ್ ಬೌಂಡರಿಯಾಚೆ ಕುರ್ಚಿಯಲ್ಲಿ ಕೂತು ಹಲ್ಲು ಕಡಿಯುವುದಷ್ಟೇ. ಅವನ ಕೆಲಸವೆಲ್ಲ ಪಂದ್ಯಕ್ಕೆ ಮೊದಲೇ ಮುಗಿದಿರಬೇಕು. ಬೌಲರ್ ಮೂರನೇ ದಿನ ಮಧ್ಯಾಹ್ನ ದಣಿದಾಗ ಅವನ ಕಾಲು ಎಲ್ಲಿ ಬೀಳಬೇಕೆಂಬುದು ಮೂರು ತಿಂಗಳ ಹಿಂದೆಯೇ ಅವನ ಮೈಗೆ ಅಭ್ಯಾಸವಾಗಿರಬೇಕು. ಆದ್ದರಿಂದ ಕ್ರಿಕೆಟ್ ಕೋಚ್‌ನ ಶ್ರಮ ಟಿ.ವಿ.ಯಲ್ಲಿ ಕಾಣುವುದಿಲ್ಲ, ಸೋತಾಗ ಮಾತ್ರ ಅವನ ಹೆಸರು ನೆನಪಾಗುತ್ತದೆ.

ಆಟ ಬಿಟ್ಟ ಬೆನ್ನಿಗೆ ಜೋಶಿ ಹೈದರಾಬಾದ್ ರಣಜಿ ತಂಡದ ಹೊಣೆ ಹೊತ್ತರು. ಆದರೆ ದೇಶ ತಿರುಗಿ ನೋಡಿದ್ದು 2014ರಲ್ಲಿ, ಅವರು ಜಮ್ಮು–ಕಾಶ್ಮೀರದ ಕೋಚ್ ಆಗಿದ್ದಾಗ. ಆ ವರ್ಷದ ಸೆಪ್ಟೆಂಬರಿನಲ್ಲಿ ಝೇಲಂ ಉಕ್ಕಿ ಶ್ರೀನಗರ ಮುಳುಗಿತ್ತು. ಶೇರ್–ಎ–ಕಾಶ್ಮೀರ್ ಕ್ರೀಡಾಂಗಣ ನೀರಿನಡಿ ಹೋಗಿತ್ತು. ಪಿಚ್, ಸಲಕರಣೆ ಎಲ್ಲವೂ ಹಾಳು. ಋತುವಿಗೆ ಮುಂಚಿನ ಅಭ್ಯಾಸವೇ ಸರಿಯಾಗಿ ಆಗಿರಲಿಲ್ಲ. ಅಂಥ ತಂಡ ಡಿಸೆಂಬರಿನಲ್ಲಿ ವಾಂಖೆಡೆಗೆ ಹೋಗಿ, 40 ಸಲ ರಣಜಿ ಗೆದ್ದಿದ್ದ ಮುಂಬೈಯನ್ನು 4 ವಿಕೆಟ್‌ಗಳಿಂದ ಸೋಲಿಸಿತು. ಪರ್ವೇಜ್ ರಸೂಲ್ ನಾಯಕ. ಎಳೆಯ ಹುಡುಗ ಶುಭಂ ಖಜೂರಿಯಾ ಮೊದಲ ಸರದಿಯಲ್ಲಿ ಶತಕ ಹೊಡೆದ. ಮುಂಬೈ ಪರವಾಗಿ ಆ ಪಂದ್ಯದಲ್ಲಿ ಪ್ರಥಮ ದರ್ಜೆ ಕ್ರಿಕೆಟ್ಟಿಗೆ ಕಾಲಿಟ್ಟ ಹುಡುಗನೊಬ್ಬನಿಗೆ ಎರಡೂ ಸರದಿಯಲ್ಲಿ ಹೆಚ್ಚು ರನ್ ಬರಲಿಲ್ಲ. ಹೆಸರು ಶ್ರೇಯಸ್ ಅಯ್ಯರ್.

ಗೆದ್ದದ್ದು ಆಡಿದವರು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೂ ಮೊದಲು ಬಿಷನ್ ಸಿಂಗ್ ಬೇಡಿ ಆ ರಾಜ್ಯದ ತಂಡಕ್ಕೆ ದುಡಿದಿದ್ದರು ಎಂಬುದನ್ನೂ ಮರೆಯಬಾರದು. ಒಬ್ಬ ಎಡಗೈ ಸ್ಪಿನ್ನರ್ ಉತ್ತ ಹೊಲವನ್ನು ಇನ್ನೊಬ್ಬ ಎಡಗೈ ಸ್ಪಿನ್ನರ್ ಬಿತ್ತಿದ ಹಾಗೆ. ಆದರೂ ನನಗೊಂದು ಅನುಮಾನವಿದೆ. ಮೈದಾನವಿಲ್ಲ, ಪಿಚ್ಚಿಲ್ಲ, ದೊಡ್ಡ ಊರಿನವರ ಎದುರು ನಮ್ಮದೇನು ನಡೆದೀತು ಎಂಬ ಅಳುಕನ್ನು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಬೆಳೆದ ಕೋಚ್ ಪುಸ್ತಕದಿಂದ ಕಲಿಯಬೇಕು. ಗದಗಿನಿಂದ ಹುಬ್ಬಳ್ಳಿಗೆ ಓಡಾಡಿದವನಿಗೆ ಅದು ಬಾಯಿಪಾಠ.

ಒಮಾನ್ ಕಥೆ ಚಿಕ್ಕದು, ಸ್ವಾರಸ್ಯದ್ದು. 2016ರ ಟಿ20 ವಿಶ್ವಕಪ್ ಆ ದೇಶಕ್ಕೆ ಮೊದಲನೆಯದು. ಹೊಟ್ಟೆಪಾಡಿಗೆ ಬೇರೆ ನೌಕರಿ ಮಾಡುತ್ತಾ ಆಡುವವರೇ ತಂಡದಲ್ಲಿ ಹೆಚ್ಚು. ಶ್ರೀಲಂಕಾದ ದುಲೀಪ್ ಮೆಂಡಿಸ್ ಮುಖ್ಯ ಕೋಚ್, ಸ್ಪಿನ್ ವಿಭಾಗ ಜೋಶಿಯವರದು. ಧರ್ಮಶಾಲೆಯಲ್ಲಿ ಒಮಾನ್ ಐರ್ಲೆಂಡನ್ನು ಸೋಲಿಸಿ ಎಲ್ಲರೂ ಹುಬ್ಬೇರಿಸುವಂತೆ ಮಾಡಿತು.

2017ರ ಆಗಸ್ಟಿನಲ್ಲಿ ಜೋಶಿ ಮತ್ತೆ ಢಾಕಾದಲ್ಲಿದ್ದರು. ಈ ಸಲ ಬಾಂಗ್ಲಾದೇಶದ ಸ್ಪಿನ್ ಸಲಹೆಗಾರನಾಗಿ. ಹದಿನೇಳು ವರ್ಷದ ಹಿಂದೆ ಆ ದೇಶದ ಮೊದಲ ಟೆಸ್ಟನ್ನು ಕೈಯಾರೆ ಕೆಡಿಸಿದವರನ್ನೇ ಅಲ್ಲಿಯವರು ಮಾಸ್ತರಿಕೆಗೆ ಕರೆದಿದ್ದರು. ಅದೇ ತಿಂಗಳ ಕೊನೆಗೆ ಮೀರಪುರದಲ್ಲಿ ಬಾಂಗ್ಲಾದೇಶ 20 ರನ್‌ಗಳಿಂದ ಆಸ್ಟ್ರೇಲಿಯವನ್ನು ಸೋಲಿಸಿತು, ಶಕೀಬ್ ಅಲ್ ಹಸನ್‌ಗೆ ಹತ್ತು ವಿಕೆಟ್. ಬಂದ ಕೆಲವೇ ದಿನಕ್ಕೆ ಸಿಕ್ಕ ಆ ಗೆಲುವಿನ ಯಶಸ್ಸನ್ನು ಹೊಸ ಸಲಹೆಗಾರನ ಖಾತೆಗೆ ಬರೆಯುವುದು ಅತಿಯಾದೀತು. 2018ರ ನವೆಂಬರ್–ಡಿಸೆಂಬರಿನ ವೆಸ್ಟ್ ಇಂಡೀಸ್ ಸರಣಿ ಹಾಗಲ್ಲ. ಅಷ್ಟರಲ್ಲಿ ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಹುಡುಗರ ಜತೆಗಿದ್ದರು. ಚಟ್ಟೋಗ್ರಾಮದಲ್ಲಿ ಹದಿನೇಳರ ನಯೀಮ್ ಹಸನ್ ಮೊದಲ ಟೆಸ್ಟಿನಲ್ಲೇ ಐದು ವಿಕೆಟ್ ಕಿತ್ತ. ಅಷ್ಟು ಸಣ್ಣ ವಯಸ್ಸಿಗೆ ಮೊದಲ ಟೆಸ್ಟಿನಲ್ಲಿ ಐದು ವಿಕೆಟ್ ಪಡೆದವರು ಅದಕ್ಕೆ ಮೊದಲು ಇರಲಿಲ್ಲ. ಮೀರಪುರದಲ್ಲಿ ತಂಡ ಒಬ್ಬನೇ ಒಬ್ಬ ವೇಗಿಯಿಲ್ಲದೆ ಇಳಿಯಿತು: ಶಕೀಬ್, ತೈಜುಲ್, ಮೆಹಿದಿ, ನಯೀಮ್, ನಾಲ್ವರೂ ಸ್ಪಿನ್ನರ್‌ಗಳು. ಮೆಹಿದಿ ಹಸನ್ ಮಿರಾಜ್ 117ಕ್ಕೆ 12 ವಿಕೆಟ್ ಪಡೆದ. ಬಾಂಗ್ಲಾದೇಶ ಇನಿಂಗ್ಸ್ ಮತ್ತು 184 ರನ್‌ಗಳಿಂದ ಗೆದ್ದಿತು. ಟೆಸ್ಟ್ ಆಡತೊಡಗಿ ಹದಿನೆಂಟು ವರ್ಷವಾದ ಮೇಲೆ ಆ ದೇಶಕ್ಕೆ ಸಿಕ್ಕ ಮೊದಲ ಇನಿಂಗ್ಸ್ ಜಯ ಅದು. ಎರಡು ಟೆಸ್ಟಿನಲ್ಲಿ ಬಿದ್ದ ವೆಸ್ಟ್ ಇಂಡೀಸಿನ 40 ವಿಕೆಟ್ಟೂ ಸ್ಪಿನ್ನರ್‌ಗಳ ಪಾಲಾದವು. ಪಿಚ್ ಹಾಗೆ ಮಾಡಿಸಿಕೊಂಡಿದ್ದರು ಎಂದು ಮೂಗು ಮುರಿದವರಿದ್ದಾರೆ. ಹೌದು, ಮಾಡಿಸಿಕೊಂಡಿದ್ದರು. ತಿರುಗುವ ಪಿಚ್ ಮೇಲೆ ತಾಳ್ಮೆಯಿಂದ ಒಂದೇ ಜಾಗಕ್ಕೆ ಎಸೆಯುವುದು ಅಷ್ಟು ಸುಲಭವಾಗಿದ್ದರೆ ಆ ದೇಶ ಒಂದು ಇನಿಂಗ್ಸ್ ಜಯಕ್ಕೆ ಅಷ್ಟು ವರ್ಷ ಕಾಯಬೇಕಿರಲಿಲ್ಲ.

2019ರ ವಿಶ್ವಕಪ್ ಮುಗಿದ ಮೇಲೆ ಅಲ್ಲಿನ ಕರಾರು ಮುಂದುವರಿಯಲಿಲ್ಲ. ಆ ಜಾಗಕ್ಕೆ ನ್ಯೂಜಿಲೆಂಡಿನ ಡೇನಿಯಲ್ ವೆಟ್ಟೋರಿ ಬಂದರು, ಅವರೂ ಎಡಗೈಯವರೇ. ಜೋಶಿ ಉತ್ತರ ಪ್ರದೇಶದ ರಣಜಿ ತಂಡಕ್ಕೆ ಹೋದರು. ಅಲ್ಲಿರುವಾಗಲೇ, 2020ರ ಮಾರ್ಚ್ 4ರಂದು, ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಒಂದು ಕಾಲಕ್ಕೆ ಕೂತಿದ್ದ ಕುರ್ಚಿ. ಕೂತು ಮೂರು ವಾರ ಕಳೆಯುವುದರಲ್ಲಿ ದೇಶವೇ ಲಾಕ್‌ಡೌನ್. ಅವರ ಸಮಿತಿ ಆರಿಸಿದ ಮುಖ್ಯ ತಂಡವೆಂದರೆ ಅಕ್ಟೋಬರಿನಲ್ಲಿ ಪ್ರಕಟವಾದ ಆಸ್ಟ್ರೇಲಿಯ ಪ್ರವಾಸದ್ದು. ಅಡಿಲೇಡ್‌ನಲ್ಲಿ ಡಿಸೆಂಬರ್ 19ರಂದು ಭಾರತ 36ಕ್ಕೆ ಆಲೌಟ್ ಆಯಿತು. ಐದು ದಿನದ ಮೇಲೆ ಅಧ್ಯಕ್ಷಗಿರಿ ಚೇತನ್ ಶರ್ಮಾಗೆ ಹೋಯಿತು. ಸೋಲಿಗೂ ಅದಕ್ಕೂ ಸಂಬಂಧವಿಲ್ಲ. ಹೆಚ್ಚು ಟೆಸ್ಟ್ ಆಡಿದವರೇ ಅಧ್ಯಕ್ಷ ಎಂಬುದು ನಿಯಮ. ಶರ್ಮಾ 23, ಜೋಶಿ 15. ಅದೇ ಪ್ರವಾಸದ ಕೊನೆಗೆ, 2021ರ ಜನವರಿ 19ರಂದು, ಬ್ರಿಸ್ಬೇನ್‌ನಲ್ಲಿ ಸಿರಾಜ್, ನಟರಾಜನ್, ವಾಷಿಂಗ್ಟನ್ ಸುಂದರ್ ಮುಂತಾದ ಹೊಸಬರನ್ನು ಕಟ್ಟಿಕೊಂಡು ಭಾರತ ಸರಣಿ ಗೆದ್ದಾಗ, ಮೊದಲ ಪಟ್ಟಿ ಬರೆದ ಸಮಿತಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಜೋಶಿ ಸದಸ್ಯರಾಗಿ 2022ರವರೆಗೆ ಮುಂದುವರಿದರು.

ಈಗ ನಮ್ಮ ಕಡೆಯ ಹುಡುಗರ ಮಾತು. ಗದಗ ಜಿಲ್ಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ ಸೇರುತ್ತದೆ. ವಯೋಮಿತಿ ತಂಡಗಳ ಆಯ್ಕೆ, ಒಳ್ಳೆಯ ಪಿಚ್, ನೆಟ್ ಎಲ್ಲಕ್ಕೂ ಕೇಂದ್ರ ಹುಬ್ಬಳ್ಳಿಯೇ. ಹುಬ್ಬಳ್ಳಿ ಟೈಗರ್ಸ್ 2023ರಲ್ಲಿ ಮಹಾರಾಜ ಟ್ರೋಫಿ ಗೆದ್ದ ಮೇಲೆ ಈ ಭಾಗದಲ್ಲಿ ಆಸೆಯಂತೂ ಚಿಗುರಿದೆ. ಆದರೆ ಗದಗಿನ ಹುಡುಗನಿಗಿದ್ದ ಮುಂಜಾನೆಯ ಗಾಡಿ ನರಗುಂದ, ಗಜೇಂದ್ರಗಡದವರಿಗೆ ಇಲ್ಲ. ಎರಡೂ ಊರಿಗೆ ರೈಲಿಲ್ಲ. ರೋಣ ತಾಲ್ಲೂಕಿನ ಹೊಳೆಆಲೂರಿನಲ್ಲಿ ನಿಲ್ದಾಣವಿದೆ, ಅದು ಗದಗ–ಸೊಲ್ಲಾಪುರ ಮಾರ್ಗದ್ದು. ಗಜೇಂದ್ರಗಡದ ಹುಡುಗ ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ನೆಟ್ ಅಭ್ಯಾಸ ಮುಗಿದು ಬಿಸಿಲೇರಿರುತ್ತದೆ. ಶಾಲೆಗೆ ಅದೇ ದಿನ ವಾಪಸ್ ಬರುವ ಮಾತೇ ಇಲ್ಲ. ಹಾಗಾಗಿ ಜೋಶಿಯವರ ಉದಾಹರಣೆ ಕೊಟ್ಟು, ನೀನೂ ಹಾಗೆ ಓಡಾಡು ಎಂದು ಹುಡುಗರಿಗೆ ಭಾಷಣ ಬಿಗಿಯುವುದು ನನಗೆ ಸರಿ ಕಾಣುವುದಿಲ್ಲ. ಒಬ್ಬ ಹುಡುಗ ಅಷ್ಟು ದೂರ ಓಡಾಡಿ ಗೆದ್ದದ್ದು ಅವನ ಛಲಕ್ಕೆ ಸಾಕ್ಷಿ, ನಮ್ಮ ವ್ಯವಸ್ಥೆಗಲ್ಲ. ಗಾಡಿ ತಪ್ಪಿ ಆಟ ಬಿಟ್ಟವರು ಎಷ್ಟೆಂದು ಯಾರೂ ಲೆಕ್ಕ ಇಟ್ಟಿಲ್ಲ.

ಜಿಲ್ಲೆಗೊಂದು ದೊಡ್ಡ ಕ್ರೀಡಾಂಗಣ ಕಟ್ಟುವ ಘೋಷಣೆ ಕೇಳಲು ಚೆಂದ. ಎಡಗೈಯಲ್ಲಿ ಚೆಂಡು ಹೊರಳಿಸುವ ಹನ್ನೆರಡರ ಹುಡುಗನಿಗೆ ಅಷ್ಟೆಲ್ಲ ಬೇಡ. 22 ಗಜದ ಗಟ್ಟಿ ಕಾಂಕ್ರೀಟ್ ತಳ, ಮೇಲೆ ಮ್ಯಾಟು, ಸುತ್ತ ಬಲೆ, ಅರ್ಧ ಡಜನ್ ಚರ್ಮದ ಚೆಂಡು ಸಾಕು. ಜತೆಗೆ ಅವನ ಬಲಗಾಲು ಎಲ್ಲಿ ಬೀಳುತ್ತಿದೆ ಎಂದು ನೋಡಿ ಹೇಳುವ ಒಬ್ಬರು ಬೇಕು. ತಾಲ್ಲೂಕಿನ ಪಿ.ಟಿ. ಮಾಸ್ತರಿಗೆ ಬೇಸಿಗೆಯಲ್ಲಿ ನಾಲ್ಕು ವಾರ ಹುಬ್ಬಳ್ಳಿಯಲ್ಲಿ ತರಬೇತಿ ಕೊಟ್ಟರೆ ಅಷ್ಟನ್ನು ಅವರೇ ನೋಡಬಲ್ಲರು. ಹುಡುಗ ಹುಬ್ಬಳ್ಳಿಗೆ ದಿನಾ ಹೋಗುವ ಬದಲು ತಿಂಗಳಿಗೊಮ್ಮೆ, ಟರ್ಫ್ ಮೇಲೆ ಎಸೆದು ನೋಡಲು ಹೋದರೆ ಆಯಿತು.

2023ರಿಂದ ಮೂರು ಐಪಿಎಲ್ ಋತು ಜೋಶಿ ಪಂಜಾಬ್ ಕಿಂಗ್ಸ್‌ನ ಸ್ಪಿನ್ ಕೋಚ್ ಆಗಿದ್ದರು. 2025ರಲ್ಲಿ ಆ ತಂಡ ಫೈನಲ್ ತಲುಪಿತು. ಮುಖ್ಯ ಕೋಚ್ ರಿಕಿ ಪಾಂಟಿಂಗ್. ನಾಯಕ ಶ್ರೇಯಸ್ ಅಯ್ಯರ್, ಹತ್ತು ವರ್ಷದ ಹಿಂದೆ ವಾಂಖೆಡೆಯಲ್ಲಿ ಜೋಶಿಯವರ ಹುಡುಗರ ಎದುರು ಎಡವಿದ್ದ ಅದೇ ಅಯ್ಯರ್. ಎದುರಾಳಿ ರಾಯಲ್ ಚಾಲೆಂಜರ್ಸ್. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು 6 ರನ್‌ಗಳಿಂದ ಗೆದ್ದು ಹದಿನೆಂಟು ವರ್ಷದ ಬರ ನೀಗಿಸಿಕೊಂಡಿತು. ಗದಗ, ಬೆಟಗೇರಿಯಲ್ಲೂ ಪಟಾಕಿ ಸುಟ್ಟಿರಲೇಬೇಕು. ಆ ತಂಡದ ಮೊದಲೆರಡು ಋತುವಿನಲ್ಲಿ ಕೆಂಪು ಅಂಗಿ ತೊಟ್ಟು ಆಡಿದ್ದ ಊರಿನ ಮನುಷ್ಯ ಮಾತ್ರ ಅಂದು ಸೋತವರ ಪಾಳಯದಲ್ಲಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಪಂಜಾಬ್ ಬಿಟ್ಟರು, ಅವರ ಜಾಗಕ್ಕೆ ಸಾಯಿರಾಜ್ ಬಹುತುಲೆ ಬಂದರು.